ಬಂದವರು ಹಾಗೇ ಹೋದರಂತೆ

ಪಕ್ಕದ್ಮನೆ ಗಾಣದ ಹುಡುಗನಿಗೆ ಹೊಸ ಚಿಂತೆ ಹತ್ತಿದೆ. ಮಳೆದೂ ಅಲ್ಲ, ಶೇಂಗಾ ರೇಟಿಂದೂ ಅಲ್ಲ, ಬೌನ್ಸ್ ರೇಟಿಂದು! "ಅಣ್ಣಾ, ನೂರು ಜನ ವೆಬ್‌ಸೈಟಿಗೆ ಬಂದ್ರೆ ಎಪ್ಪತ್ತು ಜನ ಹಾಗೇ ಹೋಗ್ತಾರೆ" ಅಂತ ಬೇಲಿ ಮೇಲಿಂದ ಮೊಬೈಲ್ ಚಾಚುತ್ತಾನೆ. ಹೋಗಲಿ ಬಿಡಪ್ಪಾ, ಮೂವತ್ತು ಜನ ನಿಂತರಲ್ಲ ಅಂದರೆ ಕೇಳಬೇಕಲ್ಲ.

ಪಾಣಿನಿಯ ಸೂತ್ರಗಳನ್ನೇ 'ಗಣಕಾಷ್ಟಾಧ್ಯಾಯಿ' ಅಂತ ತಂತ್ರಾಂಶ ಮಾಡಿ ಕೂರಿಸಿದ ಸ್ವಾಮಿಗಳ ಊರು ನಮ್ಮ ಸಿರಿಗೆರೆ. ಹಾಗಾಗಿ ಇಲ್ಲಿ ಕಂಪ್ಯೂಟರ್ ಅಂದ್ರೆ ಯಾರೂ ಬೆಚ್ಚುವುದಿಲ್ಲ. ಮಠದವರು ಶರಣರ ವಚನಗಳನ್ನೂ ಮೊಬೈಲಿಗೆ ತಂದಿದ್ದಾರಲ್ಲ, ನಾನೂ ಆಗಾಗ ಒಂದು ಪದ ಹೊಡೆದು ಹುಡುಕುತ್ತೇನೆ. ಅಲ್ಲಮನ ಬೆಡಗಿನ ವಚನವೇನಾದರೂ ಸಿಕ್ಕಿತೋ, ಅವತ್ತಿನ ಸಂಜೆ ಮುಗಿದ ಹಾಗೆ. ಓದುವುದು, ಅರ್ಥವಾಗದೆ ಸೂರು ನೋಡುವುದು, ಮತ್ತೆ ಓದುವುದು. ಗೂಗಲ್‌ನವರ ಹಳೇ ಲೆಕ್ಕದ ಪ್ರಕಾರ ಇಂಥ ಓದುಗ ಬಂದ ಕಾಲಲ್ಲೇ ವಾಪಸ್ ಹೋದವನು! ಎರಡನೇ ಪುಟ ಮುಟ್ಟಲಿಲ್ಲ ಅಂದರೆ ಅರ್ಧ ಗಂಟೆ ಕೂತಿದ್ದರೂ ಅವನಿದ್ದ ಹೊತ್ತು ಸೊನ್ನೆ. ಎಂಥಾ ಲೆಕ್ಕ ಅಲ್ವಾ? 2023ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು, ಪುಣ್ಯ. ಈಗಿನದಕ್ಕೆ ಸ್ವಲ್ಪ ಕರುಣೆಯಿದೆ. ಹತ್ತು ಸೆಕೆಂಡು ದಾಟಿದರೆ ಸಾಕು, ಇಲ್ಲವೇ ಇನ್ನೊಂದು ಪುಟ ತೆರೆದರೆ, ಅಥವಾ ನಾವು ಮುಖ್ಯ ಅಂತ ಗುರುತು ಹಾಕಿಟ್ಟ ಕೆಲಸ ಮಾಡಿದರೆ, ಗಿರಾಕಿ ನಿಂತ ಅಂತಲೇ ಬರೆದುಕೊಳ್ಳುತ್ತದೆ.

ಅಂದರೆ ಆ ಎಪ್ಪತ್ತು ಜನ ಹತ್ತು ಸೆಕೆಂಡೂ ನಿಲ್ಲಲಿಲ್ಲ. ಯಾಕೆ ಅಂತ ನೋಡೋಣ ಅಂತ ನಾನೇ ತೆರೆದೆ. ತೆರೆದೆ ಅನ್ನುವುದಕ್ಕಿಂತ ಕಾದೆ ಅನ್ನಿ. ಮೊದಲು ಬರುವುದು ಗಾಣದ ಫೋಟೋ, ಕ್ಯಾಮೆರಾದಿಂದ ಇಳಿಸಿದ್ದನ್ನು ಹಾಗೇ ಏರಿಸಿದ್ದಾನೆ, ಆರೇಳು ಎಂಬಿ. ನಮ್ಮ ಕಡೆ ಸಿಗ್ನಲ್ಲಿನ ಕಥೆ ಗೊತ್ತೇ ಇದೆಯಲ್ಲ. ಮೊಬೈಲಿನಲ್ಲಿ ಮೂರು ಸೆಕೆಂಡು ಮೀರಿದರೆ ಅರ್ಧಕ್ಕೂ ಹೆಚ್ಚು ಜನ ಬಿಟ್ಟು ಹೋಗುತ್ತಾರೆ ಅಂತ ಗೂಗಲ್‌ನವರೇ 2016ರಲ್ಲಿ ಹೇಳಿದ್ದರು. ಆಮೇಲೆ ಅವರಪ್ಪನ ಫೋಟೋ, ಸನ್ಮಾನದ ಶಾಲು ಸಮೇತ. ಆಮೇಲೆ 'ನಮ್ಮ ಧ್ಯೇಯ'. ಲೀಟರಿಗೆ ಎಷ್ಟು ಅಂತ ಮಾತ್ರ ಎಲ್ಲೂ ಇಲ್ಲ!

ತರಳಬಾಳು ಹುಣ್ಣಿಮೆಗೆ ಹೋದಾಗ ನೋಡಿದ್ದೀರಲ್ಲ, ಅಂಗಡಿ ಸಾಲಲ್ಲಿ ರೇಟು ಕೇಳಿದರೆ "ಮೊದ್ಲು ಒಳಗೆ ಬನ್ನಿ ಸಾರ್" ಅನ್ನುವವರು ಇರುತ್ತಾರೆ. ಒಳಗೆ ಯಾರು ಹೋಗ್ತಾರೆ ಹೇಳಿ? ಪಕ್ಕದಲ್ಲಿ ರಟ್ಟಿನ ಮೇಲೆ ರೇಟು ಬರೆದು ಕೂತವನ ಹತ್ತಿರ ಜನ ಮುಗಿಬಿದ್ದಿರುತ್ತಾರೆ. ನಮ್ಮಾಕೆ ಒಂದ್ಸಲ ಹಾಗೇ ಮುಗಿಬಿದ್ದು ತಂದ ರೊಟ್ಟಿ ಹಂಚು ಇವತ್ತಿಗೂ ಅಟ್ಟದ ಮೇಲಿದೆ, ಆ ಮಾತು ಬೇಡ.

ತಮಾಷೆ ಅಂದರೆ, ಬಂದವರಲ್ಲಿ ಬಹಳ ಜನ ಎಣ್ಣೆ ಹುಡುಕಿಕೊಂಡು ಬಂದವರೇ ಅಲ್ಲ. ಎಮ್ಮೆಗೆ ಶೇಂಗಾ ಹಿಂಡಿ ಬೇಕಾದವರು. ಏನು ಹೊಡೆದು ಹುಡುಕಿದರು ಅನ್ನೋ ಪಟ್ಟಿಯಲ್ಲಿ ಅದೇ ಮೇಲಿತ್ತು. ಹಿಂಡಿ ಅವನ ಕೊಟ್ಟಿಗೆಯಲ್ಲಿ ಮೂಟೆಗಟ್ಟಲೆ ಬಿದ್ದಿದೆ, ವೆಬ್‌ಸೈಟಿನ ಕೊನೇ ಸಾಲಲ್ಲಿ ಹೆಸರೂ ಇದೆ. ಅಲ್ಲಿವರೆಗೆ ಅವರಪ್ಪನ ಶಾಲು ದಾಟಿಕೊಂಡು ಬರಬೇಕಲ್ಲ! ಹಿಂಡಿಗೇ ಒಂದು ಪುಟ ಮಾಡು, ರೇಟು ಮೇಲೆ ಹಾಕು, ಮುಟ್ಟಿದರೆ ಫೋನ್ ಹೋಗುವ ಹಾಗೆ ನಂಬರಿಡು, ಫೋಟೋ ತೂಕ ಇಳಿಸು ಅಂದೆ. ಎಲ್ಲಾ ಮಾಡಿದ, ಶಾಲಿನ ಫೋಟೋ ಮಾತ್ರ ತೆಗೆಯಲಿಲ್ಲ. ತೆಗೆದರೆ ಮನೇಲಿ ಊಟ ಸಿಗಲ್ಲವಂತೆ, ಕೆಳಗೆ ಸರಿಸಿದ್ದಾನೆ.

ಇನ್ನೊಂದು ಆಮೇಲೆ ಗೊತ್ತಾಯಿತು. ಲೆಕ್ಕ ನೋಡಿಕೊಳ್ಳೋಕೆ ದಿನವಿಡೀ ಇವನೇ ಸೈಟು ತೆರೆದು ಮುಚ್ಚುತ್ತಿದ್ದನಂತೆ. ಬೌನ್ಸ್ ಆದವರಲ್ಲಿ ಅರ್ಧ ಇವನೇ ಇರಬೇಕು! ಅವರಮ್ಮನೂ ಯಜಮಾನರ ಫೋಟೋ ನೋಡೋಕೆ ದಿನಾ ಒಂದ್ಸಲ ತೆರೀತಾರೆ. ಆದರೆ ಹತ್ತು ಸೆಕೆಂಡು ಆಗೋವರೆಗೂ ಮುಚ್ಚಲ್ಲ, ಮಗ ಎಣಿಸೋದು ಹೇಳಿಕೊಟ್ಟಿದ್ದಾನೆ.