ಟ್ರ್ಯಾಕ್ಟರ್ ನೋಟಿನ ಸಾವ್ಕಾರ

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟರೆ ಸಿಗುವ ಪಾಪಿನಾಯಕನಹಳ್ಳಿಯಲ್ಲಿ ಯಾವ ಹೋಟೆಲಿನ ಬೆಂಚಿನ ಮೇಲೆ ಕೂತೆದ್ದರೂ ಬಟ್ಟೆಗೆ ಕೆಂಪು ಹತ್ತುತ್ತದೆ. ಅದಿರಿನ ಧೂಳು. ಅದನ್ನು ಕೊಡವುವ ಗೋಜಿಗೆ ಹೋಗದೆ, ಅಂಗಿಯ ಎದೆಜೇಬನ್ನು ಮಾತ್ರ ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುವವನು ಕಂಡರೆ, ಅವನೇ ನೋಟಿನ ಸಾವ್ಕಾರ. ಹುಟ್ಟಿದಾಗ ಇಟ್ಟ ಹೆಸರು ನಮಗೆ ಬೇಡ. ಅಂಥವನು ಕಂಪ್ಲಿಯಲ್ಲೂ ಇದ್ದಾನೆ, ಸಂಡೂರಿನಲ್ಲೂ ಇದ್ದಾನೆ, ನಿಮ್ಮ ಓಣಿಯಲ್ಲಿ ಇಲ್ಲ ಅಂದರೆ ನೀವು ಸರಿಯಾಗಿ ವಿಚಾರಿಸಿಲ್ಲ ಅಂತಲೇ ಅರ್ಥ.

ಜೇಬಿನಲ್ಲಿರುವುದು ಐದು ರೂಪಾಯಿಯ ಒಂದೇ ಒಂದು ನೋಟು. ಒಂದು ಬದಿಗೆ ಗಾಂಧಿ, ಇನ್ನೊಂದು ಬದಿಗೆ ಟ್ರ್ಯಾಕ್ಟರ್ ಹೊಡೆಯುವ ರೈತ, ನಂಬರಿನ ಬಾಲದಲ್ಲಿ 786. ಅದಕ್ಕೆ ಮೊದಲು ಮಗಳ ಲಗ್ನಪತ್ರಿಕೆಯ ಕವರು, ಅದರ ಮೇಲೆ ತೊಳೆದು ಒಣಗಿಸಿದ ಹಾಲಿನ ಪಾಕೀಟು, ಅದರ ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡು. ತೋರಿಸು ಅಂದರೆ ತೋರಿಸುತ್ತಾನೆ, ಮುಟ್ಟಲು ಕೊಡುವುದಿಲ್ಲ. "ಬೆವರು ಹತ್ತಿದ್ರ ಒಂದು ಲಕ್ಷ ಕಮ್ಮಿ ಆಗತೈತಿ ನೋಡಪಾ" ಅನ್ನುತ್ತಾನೆ. ಮಿರ್ಚಿ ತಿಂದ ಕೈ ಚಾಚಿದವರಿಗೆ ಎರಡು ಲಕ್ಷ. ಒಟ್ಟು ಬೆಲೆ ಎಂಟು ಲಕ್ಷ ಅಂತ ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹುಡುಗ ಹೇಳಿದ್ದಾನೆ. ಆ ಹುಡುಗ ಯಾರು, ಎಲ್ಲಿಯವನು ಅಂತ ಸಾವ್ಕಾರನಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ, ಅವನು ಕೋಟು ಹಾಕಿದ್ದ.

ಈ ಮನುಷ್ಯನನ್ನು ದಡ್ಡ ಅಂದುಕೊಂಡರೆ ನೀವೇ ಕೆಟ್ಟಿರಿ. ಹೊಸಪೇಟೆ ಬಜಾರಿನಲ್ಲಿ ಕೊತ್ತಂಬರಿ ಸಿವುಡಿಗೆ ಎರಡು ರೂಪಾಯಿ ಇಳಿಸಿ, ಮೇಲೆ ಕರಿಬೇವು ಪುಕ್ಕಟೆ ಹಾಕಿಸಿಕೊಳ್ಳದೆ ಬಂದ ದಿನವಿಲ್ಲ. ಹುಲಿಗೆಮ್ಮನ ಜಾತ್ರೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಅಲ್ಲಾಡಿಸಿ, ಕಿವಿಗಿಟ್ಟು, ಕೊನೆಗೆ ಬೇರೆ ಅಂಗಡಿಗೆ ಹೋಗುತ್ತಾನೆ. ಎಪಿಎಂಸಿಗೆ ಮೆಕ್ಕೆಜೋಳ ಒಯ್ದರಂತೂ ದಲಾಲಿ, ಹಮಾಲಿ, ತೂಕ, ಸ್ಯಾಂಪಲ್ ಅಂತ ತೆಗೆದ ಮುಷ್ಟಿ, ಚೀಲದ ಭಾರ ಎಲ್ಲವನ್ನೂ ಒಂದೊಂದಾಗಿ ಹಿಡಿದು ಜಗಳ ತೆಗೆಯುತ್ತಾನೆ. ದಲಾಲಿಯನ್ನು ಕೊಳ್ಳುವವನ ಕಡೆಯಿಂದ ತೆಗೆದುಕೊಳ್ಳಬೇಕೇ ಹೊರತು ರೈತನ ಹಣದಲ್ಲಿ ಹಿಡಿಯುವಂತಿಲ್ಲ ಅಂತ ಕರ್ನಾಟಕದ ಕಾನೂನಿನಲ್ಲೇ ಇದೆ ಎಂಬುದು ಅವನಿಗೆ ಬಾಯಿಪಾಠ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವ ದಲಾಲರು ಅವನು ಬಂದ ಅಂದರೆ ಅಚ್ಚು ಹಾಕಿದ ರಸೀದಿ ಪುಸ್ತಕ ಹುಡುಕುತ್ತಾರೆ. ಒಮ್ಮೆ ಖಾಲಿ ಚೀಲವನ್ನೇ ಬೇರೆ ತೂಗಿಸಿ, ಹೆಚ್ಚು ಹಿಡಿದಿದ್ದ ಗ್ರಾಂ ಲೆಕ್ಕದ ದುಡ್ಡು ವಾಪಸು ಪಡೆದ ಕೀರ್ತಿ ಅವನದು.

ಇಂಥ ಗಟ್ಟಿಗ ಫೋನಿನಲ್ಲಿ ಬಂದ ಒಂದು ಹಿಂದಿ ದನಿಗೆ ಚೌಕಾಶಿಯನ್ನೇ ಮಾಡದೆ ದುಡ್ಡು ಹಾಕುತ್ತಾನಲ್ಲ, ಅದು ಹೇಗೆ ಅಂತ ಊರಿಗೆ ಊರೇ ತಲೆ ಕೆಡಿಸಿಕೊಂಡಿದೆ. ನನ್ನ ಲೆಕ್ಕದಲ್ಲಿ ಇದರ ಬೇರು ಆಸೆಯಲ್ಲಿಲ್ಲ, ಈ ನೆಲದಲ್ಲಿದೆ.

ಮಣ್ಣಿಗೇ ದುಡ್ಡು ಬಂದ ನೆಲ ಇದು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾ ನಮ್ಮ ಅದಿರಿಗೆ ಬಾಯಿ ಬಿಟ್ಟಾಗ, ಜೋಳವೂ ಸರಿಯಾಗಿ ಬೆಳೆಯದ ಕಲ್ಲುಹೊಲಗಳನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೇಳಿಕೊಂಡು ಜನ ಬಂದರು. ಸಾವ್ಕಾರನ ಹೊಲವೂ ಹೋಯಿತು, ಬದಲಿಗೆ ಫೈನಾನ್ಸಿನ ಮೇಲೆ ಒಂದು ಲಾರಿ ಬಂತು. ಬೇಲೆಕೇರಿ ಬಂದರಿನ ಸಮುದ್ರವನ್ನು ಅವನು ನೋಡಿದ್ದು ಆ ಲಾರಿಯ ಕ್ಲೀನರ್ ಸೀಟಿನಲ್ಲಿ ಕೂತು. ಅಜ್ಜ ಮುತ್ತಜ್ಜರು ಶಾಪ ಹಾಕಿದ ಕೆಂಪು ಮಣ್ಣು ಟನ್ನಿನ ಲೆಕ್ಕದಲ್ಲಿ ಮಾರಾಟವಾಗುವುದನ್ನು ಕಣ್ಣಾರೆ ಕಂಡವನಿಗೆ, ಐದು ರೂಪಾಯಿ ನೋಟು ಎಂಟು ಲಕ್ಷಕ್ಕೆ ಹೋಗುತ್ತದೆ ಅಂದರೆ ನಂಬಲು ಏನು ಕಷ್ಟ? ಅದು ಮಣ್ಣಿಗಿಂತ ಮೇಲಲ್ಲವೇ, ಕಾಗದವಾದರೂ ಹೌದು.

ಆಮೇಲೆ 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿ ಫೈನಾನ್ಸಿನವರ ಪಾಲಾಯಿತು. ಅದೇ ವರ್ಷ, ರಾಶಿ ಬಿದ್ದಿದ್ದ ಅದಿರನ್ನು ಕೋರ್ಟು ನೇಮಿಸಿದ ಉಸ್ತುವಾರಿ ಸಮಿತಿಯ ಕಣ್ಣೆದುರು ಇ-ಹರಾಜಿನಲ್ಲಿ ಮಾರಬೇಕು ಅಂತಾಯಿತು. ಗಣಿ ಧಣಿಗಳು ಕಂಪ್ಯೂಟರಿನ ಮುಂದೆ ಕೂತರು. ಕೊಳ್ಳುವವನ ಮುಖ ಕಾಣದು, ತಂಬಾಕು ತಿಕ್ಕುತ್ತಾ ಮಾತಾಡುವ ಹಾಗಿಲ್ಲ, ಮೇಲೆ ಮಾರಿದವನ ದುಡ್ಡಿನಲ್ಲೇ ಕಟಾವು. ರಾಜಧನ ಒಂದು ಕಡೆ. ಅಕ್ರಮ ತೀರ ಕಡಿಮೆ ಅನ್ನಿಸಿಕೊಂಡ 'ಎ' ದರ್ಜೆಯ ಗಣಿಯಾದರೂ ಮಾರಿದ ಮೊತ್ತದಲ್ಲಿ ನೂರಕ್ಕೆ 10ರಂತೆ ಪರಿಸರ ಪುನಶ್ಚೇತನಕ್ಕೆ ಅಂತ ಇನ್ನೊಂದು ಕಡೆ. ಹೋಟೆಲಿನ ಬೆಂಚಿನ ಮೇಲೆ ಇದೆಲ್ಲ ದಿನಾ ಚರ್ಚೆಯಾಗುತ್ತಿತ್ತು. ಧಣಿಗಳೇ ಕಟಾವು ಕೊಟ್ಟು ಮಾರುವ ಕಾಲ, ನಾವು ಯಾವ ಗಿಡದ ತಪ್ಪಲು ಅನ್ನುವುದು ಸಾವ್ಕಾರನ ತಲೆಯಲ್ಲಿ ಕೂತಿದ್ದು ಆಗಲೇ. 2022ರ ಮೇ ತಿಂಗಳಲ್ಲಿ ಕೋರ್ಟು ಇ-ಹರಾಜಿನ ಕಟ್ಟು ಸಡಿಲಿಸಿ, ನೇರವಾಗಿಯೂ ಮಾರಬಹುದು ಅಂದಿತು. "ಅವರಿಗೆ ಆನ್‌ಲೈನು ಬಿಡ್ತು, ನನಗ ಹತ್ತಿಕೊಂತು" ಅಂತ ಅವನೇ ನಗುತ್ತಾನೆ.

ಇನ್ನೊಂದು ಬೇರು ಹಂಪಿಯದು. ಪಾಳು ಗುಡಿಗಳ ಪಕ್ಕ ಹುಟ್ಟಿ ಬೆಳೆದವರಿಗೆ ನಿಧಿಯ ಕತೆ ಜೋಗುಳದಲ್ಲೇ ಬಂದಿರುತ್ತದೆ. ಅಮಾವಾಸ್ಯೆ, ನಿಂಬೆಹಣ್ಣು, ಹಾರೆ, ಹೊಟ್ಟೆ ಒಡೆಸಿಕೊಂಡ ನಂದಿ. ಈಗ ಆ ಕಷ್ಟ ಯಾಕೆ? ನಿಧಿ ಅಂಗಿಜೇಬಿಗೇ ಬಂದು ಕೂತಿದೆ. 1878ರ ನಿಧಿ ಕಾಯಿದೆಯಲ್ಲೇ ಬರೆದಿದೆ, ನೆಲದಲ್ಲಿ ಸಿಕ್ಕಿದ್ದರ ಬೆಲೆ 10 ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕು ಅಂತ ನಿವೃತ್ತ ಮೇಷ್ಟ್ರೊಬ್ಬರು ಹೆದರಿಸಿ ನೋಡಿದರು. "ನಂದು ಐದೇ ರೂಪಾಯಿದ್ದು ಬಿಡ್ರಿ ಸಾರ್, ಕಾಯಿದೆ ಒಳಗೇ ಐತಿ" ಅಂದ.

ಈಗ ಫೋನಿನ ವಿಚಾರ. ವಿಡಿಯೋದ ಕೆಳಗಿದ್ದ ನಂಬರಿಗೆ ನೋಟಿನ ಫೋಟೋ ಕಳಿಸಿದ ಸಂಜೆಯೇ ಕರೆ ಬಂತು. ರಿಸರ್ವ್ ಬ್ಯಾಂಕಿನಿಂದ ಮಾತಾಡುವುದು ಅಂದರು. ಸಾವ್ಕಾರ ಎದ್ದು ನಿಂತ. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡ. ನೋಟು ಪಾಸಾಗಿದೆ, ನೋಂದಣಿಗೆ 1,150 ರೂಪಾಯಿ. ಹಾಕಿದ. ಎರಡು ದಿನಕ್ಕೆ ಗಾಂಧಿ ಚಿತ್ರ, ಮೂರು ಸಿಂಹ, ನಾಲ್ಕು ಬಣ್ಣದ ಸೀಲು ಇರುವ ಪ್ರಮಾಣಪತ್ರ ವಾಟ್ಸಾಪಿಗೆ ಬಂತು. ಅದರಲ್ಲಿ ಅವನ ಊರಿನ ಹೆಸರು 'ಪಪಿನಯಕ' ಅಂತ ಇತ್ತು. ದೊಡ್ಡ ಆಫೀಸಿನವರಿಗೆ ದೀರ್ಘ ಹಾಕಲು ಎಲ್ಲಿ ಪುರುಸೊತ್ತು ಅಂತ ಅವನೇ ಸಮಾಧಾನ ಹೇಳಿದ. ಆಮೇಲೆ ಜಿಎಸ್‌ಟಿ. ಆಮೇಲೆ ಎನ್‌ಒಸಿ. ಆಮೇಲೆ ದುಡ್ಡು ತರುವ ಗಾಡಿಗೆ ಇನ್ಶೂರೆನ್ಸು. ಗಾಡಿ ಹೊರಟಿತು, ಸೂಟ್‌ಕೇಸಿನ ತುಂಬ ನೋಟಿನ ಕಂತೆ ಇರುವ ಫೋಟೋ ಬಂತು. ಗಾಡಿ ಗುಂತಕಲ್ ದಾಟಿತು. ಬಳ್ಳಾರಿ ಹತ್ತಿರ ಪೊಲೀಸರು ಹಿಡಿದರು, ಬಿಡಿಸಲು 12,500. ತೋರಣಗಲ್ಲಿನ ಹತ್ತಿರ ಇನ್ನೊಮ್ಮೆ ಹಿಡಿದರು. ಗಾದಿಗನೂರಿನವರೆಗೂ ಬಂದ ಗಾಡಿ ಮುಂದೆ ಬರಲೇ ಇಲ್ಲ. ಒಂದು ಮಧ್ಯಾಹ್ನ ಸಾವ್ಕಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಖಾಲಿ ಗೋಣಿಚೀಲ ಹಿಡಿದು ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದನ್ನು ಊರವರು ನೋಡಿದ್ದಾರೆ. ಚೀಲ ಯಾಕೆ ಅಂದರೆ, ಸೂಟ್‌ಕೇಸು ವಾಪಸು ಕೊಡಬೇಕಂತೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಅಣ್ಣನ ಮಗ ಬುದ್ಧಿವಂತ. ಹಳೇ ನೋಟು, ನಾಣ್ಯ ಮಾರಿಕೊಡುತ್ತೇವೆ ಅಂತ ನಮ್ಮ ಹೆಸರು, ನಮ್ಮ ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ, ನಾವು ಅಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದೇ ಹೊರಡಿಸಿದ ಎಚ್ಚರಿಕೆಯನ್ನು ಮೊಬೈಲಿನಲ್ಲಿ ತೆಗೆದು ಓದಿ ಹೇಳಿದ. ಸಾವ್ಕಾರ ಪೂರ್ತಿ ಕೇಳಿಸಿಕೊಂಡ. "ಅದಕ್ಕ ನಾನು ಹೊರಗಿನವರ ಹತ್ರ ಹೋಗಿಲ್ಲಪಾ. ನನಗ ಫೋನ್ ಮಾಡಿದವರು ಖುದ್ದು ರಿಸರ್ವ್ ಬ್ಯಾಂಕಿನವರೇ ಅದಾರ" ಅಂದ.

ಮೇಷ್ಟ್ರು ಬೇರೆ ದಾರಿ ಹಿಡಿದರು. ನಿಜವಾದ ಆನ್‌ಲೈನ್ ಹರಾಜು ಹೇಗಿರುತ್ತದೆ ಅಂತ ಚಹಾ ಕುಡಿಸುತ್ತಾ ಪಾಠ ಮಾಡಿದರು. 1995ರಲ್ಲಿ ಅಮೆರಿಕದಲ್ಲಿ ಇಬೇ ಶುರುವಾದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರು, 14 ಡಾಲರ್ 83 ಸೆಂಟಿಗೆ. ನಮ್ಮಲ್ಲಿ 2000ದಲ್ಲಿ ಹುಟ್ಟಿದ ಬಾಜೀ ಡಾಟ್ ಕಾಮನ್ನು 2004ರಲ್ಲಿ ಅದೇ ಇಬೇ ಕೊಂಡುಕೊಂಡಿತು, 2018ರಲ್ಲಿ ಆ ಭಾರತದ ಅಂಗಡಿ ಬಾಗಿಲು ಹಾಕಿತು. ಅಂಥ ಕಡೆಯೂ ಮಾರುವವನಿಗೆ ಹೊಡೆತ ತಪ್ಪಿದ್ದಲ್ಲ. ಮಾಲು ಹೋದ ಮೇಲೆ ಶೇಕಡಾವಾರು ಶುಲ್ಕ. ಅದನ್ನು ಮಾಲಿನ ಬೆಲೆಯ ಮೇಲಷ್ಟೇ ಹಾಕಿದರೆ ಬೇರೆ ಮಾತು, ಪಾರ್ಸಲ್ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ಡಾಲರನ್ನು ರೂಪಾಯಿ ಮಾಡುವಾಗ ಇನ್ನೊಂದು ಚೂರು. ನೂರು ಬಂತು ಅಂತ ಕುಣಿದವನು ಕೈಗೆ ಬಂದದ್ದು ಎಣಿಸಿ ಕೂತುಬಿಡುತ್ತಾನೆ. ಆದರೆ ಒಂದು ನೆನಪಿಡು, ಅವರು ಕತ್ತರಿಸುವುದು ಬಂದ ದುಡ್ಡಿನಲ್ಲಿ. ಬೆಂಗಳೂರಿನಲ್ಲಿ ನಾಣ್ಯ ಹರಾಜು ಹಾಕುವ ಮನೆಗಳೂ ಅಷ್ಟೇ. ಎಂಟು ಲಕ್ಷದಲ್ಲಿ ಹಿಡಿದುಕೊಂಡು ಮಿಕ್ಕಿದ್ದು ಕೊಡಿ ಅಂತ ನಿನ್ನ ಸಾಹೇಬರಿಗೆ ಹೇಳಿ ನೋಡು.

ಈ ಪಾಠದಲ್ಲಿ ಸಾವ್ಕಾರನಿಗೆ ಹಿಡಿಸಿದ್ದು ಮೊದಲ ಎರಡು ಸಂಗತಿ. ಕೆಟ್ಟುಹೋದ ವಸ್ತುವನ್ನೂ ದುಡ್ಡು ಕೊಟ್ಟು ಕೊಳ್ಳುವವರು ಇದ್ದಾರೆ. ಅಮೆರಿಕದವರೂ ಶುಲ್ಕ ಹಿಡಿಯುತ್ತಾರೆ. ಮೂರನೆಯದನ್ನು ಮೇಷ್ಟ್ರ ಮರ್ಯಾದೆಗೆ ಫೋನಿನಲ್ಲಿ ಕೇಳಿದ. ಆ ಕಡೆಯಿಂದ ಉತ್ತರ ತಯಾರಿತ್ತು: ಸರ್ಕಾರದ ಸೀಲು ಬಿದ್ದ ಪೆಟ್ಟಿಗೆ, ಒಂದು ನೋಟು ಹೊರಗೆ ತೆಗೆದರೂ ನಮ್ಮ ನೌಕರಿ ಹೋಗುತ್ತದೆ. ಸಾವ್ಕಾರನ ಮನಸ್ಸು ಕರಗಿತು. ಹೆಂಡರು ಮಕ್ಕಳು ಇರುವ ಮನುಷ್ಯ, ನನ್ನ ಸಲುವಾಗಿ ನೌಕರಿ ಯಾಕೆ ಕಳಕೊಳ್ಳಬೇಕು ಅಂತ ಆವತ್ತೇ ಇನ್ನೊಂದು ಕಂತು ಹಾಕಿದ.

ಅವನ ತಲೆಯ ಒಳಗಿನ ಯಂತ್ರ ತಿರುಗುವುದು ಹೀಗೆ. ಪುಕ್ಕಟೆ ಎಂಟು ಲಕ್ಷ ಕೊಡುತ್ತೇನೆ ಅಂದಿದ್ದರೆ ಅವನು ಫೋನನ್ನು ಬಾವಿಗೆ ಎಸೆಯುತ್ತಿದ್ದ. ಪುಕ್ಕಟೆ ಕೊಡುವವರು ಮೋಸಗಾರರು ಅಂತ ಅವನಿಗೆ ಚೆನ್ನಾಗಿ ಗೊತ್ತು. ಶುಲ್ಕ ಕೇಳಿದರು, ಅದಕ್ಕೇ ನಂಬಿಕೆ ಬಂತು. ಕಟಾವು ಇರುವಲ್ಲಿ ವ್ಯಾಪಾರ ಇದ್ದೇ ಇರಬೇಕು ಎಂಬುದು ಮಂಡಿಯಲ್ಲಿ, ಗಣಿಯಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅವನು ಜೀವಮಾನವಿಡೀ ಕಲಿತ ವಿದ್ಯೆ. ಶುಲ್ಕ ಏರಿದ ಹಾಗೆಲ್ಲ ಎಂಟು ಲಕ್ಷ ಇನ್ನೂ ಖಚಿತವಾಗುತ್ತಾ ಹೋಯಿತು. 1,150 ಕಟ್ಟಿದಾಗ ಅರ್ಧ ಅನುಮಾನ ಇತ್ತು. 12,500 ಕಟ್ಟಿದ ದಿನ ಅಳಿಯನಿಗೆ ಬೈಕ್ ಬಣ್ಣ ಯಾವುದು ಬೇಕು ಅಂತ ಕೇಳಿದ್ದಾನೆ. ಇಷ್ಟು ಕಟ್ಟಿಸಿಕೊಂಡವರು ಸುಮ್ಮನೆ ಬಿಡುತ್ತಾರೇನು ಅನ್ನುವುದು ಅವನ ವಾದ. ಅದು ಸುಳ್ಳಲ್ಲ, ಸುಮ್ಮನೆ ಬಿಡಲಿಲ್ಲ.

ಹೆಂಡತಿಯ ಕಿವಿಯ ಝುಮುಕಿ ಅಡವಿಗೆ ಹೋಗಿದೆ. ಆಕೆ ಮಾತಾಡುವುದಿಲ್ಲ, ಆದರೆ ಪ್ರತಿ ಸಲ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಕೈ ಹಾಕಿ ಆ ಪಾಕೀಟನ್ನು ತೆಗೆದು, ಒರೆಸಿ, ಜಗಲಿಯ ಮೇಲಿಡುತ್ತಾಳೆ. ಆಕೆಗೂ ಒಂದು ಕಡೆ ಆಸೆ ಇದೆಯೋ ಏನೋ. ಇದರ ಬಗ್ಗೆ ನಗುವುದು ನನಗೂ ಅಲ್ಲಿಗೆ ನಿಲ್ಲುತ್ತದೆ.

ಕೊನೆಗೆ ಅಣ್ಣನ ಮಗನೇ ಗದರಿಸಿ 1930 ನಂಬರಿಗೆ ಫೋನು ಮಾಡಿಸಿ ಸೈಬರ್ ದೂರು ಬರೆಸಿದ. ಹಣ ಹೋದ ಕೂಡಲೇ ಮಾಡಿದ್ದರೆ ಖಾತೆಯಲ್ಲಿ ತಡೆಹಿಡಿಯುವ ದಾರಿ ಇತ್ತು, ತಿಂಗಳುಗಟ್ಟಲೆ ಆದಮೇಲೆ ಕಷ್ಟ. ಆ ಹಿಂದಿ ದನಿ ಸ್ವಿಚ್ ಆಫ್ ಆಯಿತು. ಸಾವ್ಕಾರ ಎರಡು ವಾರ ಹೋಟೆಲಿನ ಕಡೆ ಸುಳಿಯಲಿಲ್ಲ. ಒಗ್ಗರಣಿ ಮಂಡಾಳಿನ ತಟ್ಟೆಗಳ ಮೇಲೆ ಊರು ಅವನ ಕತೆಯನ್ನು ಚಪ್ಪರಿಸಿ ಮುಗಿಸಿತು. ಆ ಚಪ್ಪರಿಸಿದವರಲ್ಲಿ ಮೂವರು ಆ ದಿನ ಮನೆಗೆ ಹೋಗಿ ಹಳೇ ಪೆಟ್ಟಿಗೆ ಕೆದಕಿ, ಟ್ರ್ಯಾಕ್ಟರ್ ನೋಟು ಇದೆಯೋ ಅಂತ ನೋಡಿದ್ದು ನನಗೆ ಗೊತ್ತು.

ಮೊನ್ನೆ ಮತ್ತೆ ಬಂದ. ಗೆಲುವಾಗಿದ್ದ, ಮಿರ್ಚಿಯನ್ನೂ ತಾನೇ ಹೇಳಿದ. ಹೊಸ ನಂಬರಿನಿಂದ ಕರೆ ಬಂದಿದೆಯಂತೆ, ಈ ಸಲ ಕನ್ನಡದಲ್ಲೇ. ಮೋಸ ಹೋದವರ ದುಡ್ಡು ವಾಪಸು ಕೊಡಿಸುವ ಆಫೀಸಿನವರು. ಎಷ್ಟು ಹೋಗಿದೆ ಅಂತ ಇವನು ಹೇಳುವ ಮುಂಚೆಯೇ ಅವರೇ ಪೈಸೆ ಸಮೇತ ಹೇಳಿದರಂತೆ. ಅಷ್ಟು ಕರಾರುವಾಕ್ ಲೆಕ್ಕ ಇಟ್ಟವರು ಸುಳ್ಳು ಹೇಳುತ್ತಾರಾ? ಪೂರ್ತಿ ದುಡ್ಡು ವಾಪಸು, ಫೈಲು ಮೇಲೆತ್ತಲು ಮಾತ್ರ 3,000.

"ನಾನೇನು ಮೊದಲಿನ ಹಂಗ ಹುಚ್ಚ ಅಲ್ಲ" ಅಂದ ಸಾವ್ಕಾರ, ಮಿರ್ಚಿಯ ತೊಟ್ಟು ಮುರಿಯುತ್ತಾ. "ಅರ್ಧ ತಾಸು ಜಗ್ಗಾಡಿದೆ. ಎರಡು ಸಾವಿರದ ಐನೂರಕ್ಕ ಇಳಿಸೀನಿ."