ಮುಲಾಜಿಲ್ಲದೆ ಹೇಳಿ

ಗಾಂಧಿಬಜಾರಿನ ಒಂದು ಹೋಟೆಲು. ರಾಯರ ಮುಂದೆ ಬೈಟೂ ಕಾಫಿ, ಕಿಟ್ಟಣ್ಣನ ಕೈಯಲ್ಲಿ ಸ್ವಂತ ಕವನಗಳ ಕಟ್ಟು. (ಬೆಂಗಳೂರಲ್ಲಿ ಅರ್ಧ ಕೊಡೋದು ಕಾಫಿ ಮಾತ್ರ, ಕವಿತೆ ಪೂರ್ತಿ.)

ಕಿಟ್ಟಣ್ಣ: ಮುಲಾಜಿಲ್ಲದೆ ಹೇಳಿ ರಾಯರೇ, ಹೇಗಿದೆ? ಟೀಕೆ ಬಂದ್ರೇನೇ ನಾನು ಬೆಳೆಯೋದು.

ರಾಯರು: 14ನೇ ಪುಟ ಸ್ವಲ್ಪ...

ಕಿಟ್ಟಣ್ಣ: ಅದು ಎಲ್ಲರಿಗೂ ಅರ್ಥವಾಗಲ್ಲ ಬಿಡಿ.

ರಾಯರು: 20ನೇ ಪುಟ...

ಕಿಟ್ಟಣ್ಣ: ಅದನ್ನ ಕೇಳಿ ನಮ್ಮತ್ತೆ ಅತ್ತರು!

ರಾಯರು: ಅಯ್ಯೋ ಪಾಪ, ಪೂರ್ತಿ ಓದಿ ಹೇಳಿದ್ರಾ?

ಕಿಟ್ಟಣ್ಣ: ಪಂಪ ಆದಿಪುರಾಣಕ್ಕೆ ಮೂರು ತಿಂಗಳು ತಗೊಂಡ. ನಂದು ಮೂರೇ ಭಾನುವಾರ!

ರಾಯರು: 941ರಲ್ಲಿ ಭಾನುವಾರ ರಜ ಇರ್ಲಿಲ್ಲ ನೋಡಿ.

ಕಿಟ್ಟಣ್ಣ: ಏನಾದ್ರೂ ತೆಗೀಬೇಕಾ, ಹೇಳಿ.

ರಾಯರು: ಮೊದಲನೆಯದು ತೆಗೀಬಹುದು.

ಕಿಟ್ಟಣ್ಣ: ಪದ್ಯಾನಾ?

ರಾಯರು: ಭಾಗ. ಎರಡನೆಯದೂ ಜೊತೆಗೇ ಹೋದ್ರೆ ಅದಕ್ಕೆ ಒಂಟಿತನ ಕಾಡಲ್ಲ.

ಕಿಟ್ಟಣ್ಣ: ಈಗ ಆಗಲ್ಲ ರಾಯರೇ. 500 ಪ್ರತಿ ಮಂಚದ ಕೆಳಗೆ ಬಂದು ಕೂತಿವೆ.

ರಾಯರು: ಓಹೋ, ಅಚ್ಚಾಗಿದೆ. ಮೆಚ್ಚೋದೊಂದೇ ಬಾಕಿ!

ಕಿಟ್ಟಣ್ಣ: ಅದೂ ಬಾಕಿಯಿಲ್ಲ. (ಅಚ್ಚಾದ ಪ್ರತಿ ತೆಗೆದುಕೊಟ್ಟು) ಬೆನ್ನುಡಿ ನೋಡಿ, ನಿಮ್ಮ ಹೆಸರಲ್ಲಿ ನಾನೇ ಬರೆದುಬಿಟ್ಟೆ.

ರಾಯರು: (ಓದಿ) ‘ನವೋದಯದ ನಂತರ ನಿಜವಾದ ಉದಯ.’ ನಾನು ಇಷ್ಟು ಚೆನ್ನಾಗಿ ಬರೀತೀನಾ?

ಕಿಟ್ಟಣ್ಣ: ಮುಲಾಜಿಲ್ಲದೆ ಹೇಳಿ!

ರಾಯರು: ಒಳಗಿರೋ ಪದ್ಯಗಳಿಗಿಂತ ಚೆನ್ನಾಗಿದೆ.

ಕಿಟ್ಟಣ್ಣ: ಗೊತ್ತಿತ್ತು, ನೀವು ಹೊಗಳೇ ಹೊಗಳ್ತೀರ ಅಂತ! ಮಾಣಿ, ಬಿಲ್ಲು ನಂಗೆ ಕೊಡಪ್ಪ.

ಮಾಣಿ: ಕಾಫಿ ಹೇಗಿತ್ತು ಸಾರ್?

ಕಿಟ್ಟಣ್ಣ: ಬರೀ ನೀರು.

ಮಾಣಿ: ಅದು ಎಲ್ಲರಿಗೂ ಅರ್ಥವಾಗಲ್ಲ ಬಿಡಿ ಸಾರ್.