ಬೂಟಿಗೆ ಲಾಳ

ಬನಹಟ್ಟಿಯ ಓಣಿಗಳಲ್ಲಿ ಬೆಳಕು ಹರಿಯುವ ಮೊದಲೇ ಮಗ್ಗದ ಖಟಖಟ ಶುರುವಾಗುತ್ತದೆ. ಆ ಸದ್ದಿಗೆ ಒಗ್ಗಿದ ಕಿವಿಗೆ ನಡುವೆ ಟಕ್ಕು ಟಕ್ಕು ಎಂದು ಇನ್ನೊಂದು ಲಯ ಕೇಳಿಸಿದರೆ ಕಟ್ಟೆಯ ಮೇಲೆ ಕೂತ ಹಿರಿಯರು ಚಹಾದ ಕಪ್ಪು ಕೆಳಗಿಟ್ಟು ನೋಡಲೇಬೇಕು. ಎತ್ತು ಬಂತೆಂದು ನೋಡಿದರೆ ಬಂದದ್ದು ನಲವತ್ತು ದಾಟಿದ ಒಬ್ಬ ಗೃಹಸ್ಥ. ಪವರ್‌ಲೂಮ್ ಮನೆತನದವನು, ಹೊಟ್ಟೆ ಇಳಿಸಲು ಡಾಕ್ಟರು ಹೇಳಿದ ಮೇಲೆ ಸೈಕಲ್ ಹತ್ತಿದವನು.

"ಏನೋ ತಮ್ಮಾ, ಬೂಟಿಗೆ ಲಾಳಾ ಹೊಡಿಸೀ ಏನು?"

"ಹೌದ್ರಿ ಕಾಕಾ, ಪೈಡಲ್‌ಗೆ ಸಿಗಸಾಕ."

"ಎತ್ತಿಗಾದ್ರ ಎಂಟು ಬೇಕು. ನಿನಗ ಎರಡರಾಗ ಮುಗೀತಲಾ, ಸೋವಿ ಆತು ಬಿಡು."

ಕಾಕಾನ ಲೆಕ್ಕ ಸರಿ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು ಲಾಳ ಬೇಕು. ಸೋವಿ ಎಂದದ್ದೊಂದೇ ತಪ್ಪು.

ಈ ಲಾಳಕ್ಕೆ ಕ್ಲೀಟ್ ಎನ್ನುತ್ತಾರೆ. ಬೂಟಿನ ಅಡಿಗೆ ಬೋಲ್ಟು ಹಾಕಿ ಬಿಗಿದ ಪ್ಲಾಸ್ಟಿಕ್ಕಿನ ಅಥವಾ ಲೋಹದ ತುಂಡು ಅದು. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದರೆ ಸ್ಪ್ರಿಂಗು ಹಿಂದೆ ಸರಿದು ಮತ್ತೆ ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಇಂಥ ಪೆಡಲಿನ ಹೆಸರು ಮಾತ್ರ ಕ್ಲಿಪ್‌ಲೆಸ್, ಅಂದರೆ ಕ್ಲಿಪ್ ಇಲ್ಲದ್ದು! ಕಚ್ಚಿಕೊಳ್ಳುವುದೇ ಕಸುಬಾದ ವಸ್ತುವಿಗೆ ಈ ಹೆಸರೇಕೆಂದರೆ, ಹಿಂದೆ ರೇಸಿನವರು ಬೂಟಿನ ಮುಂಗಾಲನ್ನು ಲೋಹದ ಬುಟ್ಟಿಯಂಥದ್ದಕ್ಕೆ ತೂರಿಸಿ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಆ ಬುಟ್ಟಿಗೆ ಟೋ ಕ್ಲಿಪ್ ಎಂದು ಹೆಸರು. ಅದು ಹೋಯಿತು, ಹೋದದ್ದರ ನೆನಪು ಹೆಸರಾಗಿ ಉಳಿಯಿತು.

ಕಾಲನ್ನೂ ಪೆಡಲನ್ನೂ ಗಂಟು ಹಾಕುವ ಆಸೆ ಹಳೆಯದು. ಅಮೆರಿಕದ ಚಾರ್ಲ್ಸ್ ಹ್ಯಾನ್ಸನ್ 1895ರಲ್ಲೇ ಕಾಲು ತಿರುವಿ ಸಿಕ್ಕಿಸುವ, ಬಿಡಿಸುವ ಪೆಡಲೊಂದನ್ನು ಮಾಡಿದ್ದ. ಇಟಲಿಯ ಚಿನೆಲ್ಲಿ ಕಂಪನಿ 1970ರ ದಶಕದಲ್ಲಿ ಎಂ-71 ಎಂಬುದನ್ನು ತಂದಿತು. ಅದರಿಂದ ಕಾಲು ಬಿಡಿಸಿಕೊಳ್ಳಲು ಬಗ್ಗಿ ಕೈಯಿಂದ ಸನ್ನೆ ಎಳೆಯಬೇಕಿತ್ತು. ಸವಾರರೇ ಅದಕ್ಕೆ ಸಾವಿನ ಪೆಡಲ್ ಎಂದು ಹೆಸರಿಟ್ಟರು. ಕೊನೆಗೆ ಕೈಗೂಡಿಸಿದ್ದು ಫ್ರಾನ್ಸಿನ ಲುಕ್ ಕಂಪನಿ. ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗೆ ಬೂಟು ಸಿಕ್ಕಿಸುವ ಕೊಕ್ಕೆ ಮಾಡುತ್ತಿದ್ದವರು ಅದೇ ಬುದ್ಧಿಯನ್ನು 1984ರಲ್ಲಿ ಸೈಕಲ್ಲಿಗೆ ತಂದರು. ಮರುವರ್ಷ ಬರ್ನಾರ್ಡ್ ಈನೋ ಆ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಅಲ್ಲಿಗೆ ತೊಗಲಿನ ಪಟ್ಟಿಯ ಕಾಲ ಮುಗಿಯಿತು.

ಬನಹಟ್ಟಿಯ ಸವಾರನಿಗೆ ಇದಿಷ್ಟೂ ತಡವಾಗಿ ತಿಳಿದ ಸಂಗತಿ. ಅವನಿಗೆ ಮೊದಲು ಸಿಕ್ಕಿದ್ದು ಪೆಡಲು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ಕಲಿತ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುವುದು ಈ ಸೀಮೆಗೆ ಹೊಸದಲ್ಲ. ಹಾಗಾಗಿ ಊರಲ್ಲಿ ಕೇಳಿದರೆ ಹಳೆಯ ಟೈರು, ಹಳೆಯ ಸೀಟು, ಹಳೆಯ ಪೆಡಲು ಯಾರ ಮನೆಯ ಮಾಡಿನಲ್ಲಾದರೂ ಸಿಗುತ್ತದೆ. ಇವನಿಗೂ ಒಬ್ಬ ಮಾಜಿ ಸ್ಪರ್ಧಿಯ ಕಡೆಯಿಂದ ಒಂದು ಜೋಡಿ ಸಿಕ್ಕಿತು. ಬಣ್ಣ ಹೋಗಿತ್ತು, ಅಕ್ಷರ ಸವೆದಿತ್ತು, ಬೆರಳಿನಿಂದ ತಿರುವಿದರೆ ನುಣ್ಣಗೆ ತಿರುಗುತ್ತಿತ್ತು. ಇದಕ್ಕಿಂತ ಹೆಚ್ಚೇನು ಬೇಕು ಎಂದುಕೊಂಡ. ಹಳೆಯ ಒಡೆಯನ ಬೂಟು ಹರಿದು ತಿಪ್ಪೆ ಸೇರಿದಾಗ ಕ್ಲೀಟೂ ಅದರ ಜೊತೆಗೇ ಹೋಗಿತ್ತು ಎಂಬುದನ್ನು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಸೈಕಲ್ಲಿನ ಮೊದಲಿನ ಪೆಡಲು ಬಿಚ್ಚುವುದೇ ಅರ್ಧ ದಿನದ ಕೆಲಸವಾಯಿತು. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದಕ್ಕೆ ಇವನೂ ಇವನ ಅಳಿಯನೂ ಇಬ್ಬರೂ ಪಾನಾದ ಮೇಲೆ ತೂಗಿದರು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುವಿದರೆ ಬಿಚ್ಚಿಕೊಳ್ಳುತ್ತದೆ ಎಂದು ತಿಳಿಯುವಷ್ಟರಲ್ಲಿ ಇಬ್ಬರೂ ಅದನ್ನು ಜನ್ಮಕ್ಕೆ ಸಾಕಾಗುವಷ್ಟು ಬಿಗಿದಿದ್ದರು.

ಆಮೇಲೆ ಬೂಟು ತರಿಸಿದ, ಕ್ಲೀಟು ತರಿಸಿದ. ಬೂಟಿನಡಿ ಮೂರು ತೂತು, ಕ್ಲೀಟಿಗೂ ಮೂರು ಬೋಲ್ಟು. ತ್ರಿಕೋನದ ಕ್ಲೀಟು, ಅಂಚಿಗೆ ಚೆಂದದ ಹಳದಿ. ಬೂಟಿಗೆ ಕರಾರುವಾಕ್ಕಾಗಿ ಕೂತಿತು. ಪೆಡಲಿನ ಮೇಲಿಟ್ಟು ಒತ್ತಿದ, ಕಚ್ಚಲಿಲ್ಲ. ನಿಂತು ಒತ್ತಿದ, ಕಚ್ಚಲಿಲ್ಲ. ಎಣ್ಣೆ ಬಿಟ್ಟ. ಬಚ್ಚಲ ಗೋಡೆ ಹಿಡಿದು ಎರಡೂ ಕಾಲಲ್ಲಿ ಕುಣಿದ. ಮಗಳು ಬಂದು, "ಅಪ್ಪಾ, ಡ್ಯಾನ್ಸ್ ಕಲಿಯಾಕ ಹತ್ತೀ ಏನು?" ಎಂದಳು.

ಮೋಸ ಇರುವುದೇ ಆ ಮೂರು ತೂತಿನಲ್ಲಿ. ಲುಕ್‌ನವರದೂ ಶಿಮಾನೊ ಕಂಪನಿಯವರ ಎಸ್‌ಪಿಡಿ-ಎಸ್‌ಎಲ್ ಎಂಬ ರೋಡ್ ಪೆಡಲಿನದೂ ಬೋಲ್ಟಿನ ಅಳತೆ ಒಂದೇ, ಆದ್ದರಿಂದ ಬೂಟು ಎರಡನ್ನೂ ಒಪ್ಪುತ್ತದೆ. ಪೆಡಲು ಒಪ್ಪುವುದಿಲ್ಲ. ಲುಕ್‌ನಲ್ಲೇ ಹಳೆಯದು ಡೆಲ್ಟಾ, 2004ರಲ್ಲಿ ಬಂದದ್ದು ಕಿಯೋ. ಒಂದೇ ಮನೆಯ ಅಣ್ಣತಮ್ಮಂದಿರಾದರೂ ಒಬ್ಬರ ಕ್ಲೀಟು ಇನ್ನೊಬ್ಬರಿಗೆ ಆಗದು. ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಎರಡು ಬೋಲ್ಟಿನದು, ಗುಡ್ಡಗಾಡಿನ ಸೈಕಲ್ಲಿಗೆ. ಅದರ ಸಣ್ಣ ಲೋಹದ ಕ್ಲೀಟು ಬೂಟಿನ ಅಡಿಯೊಳಗೆ ಹುದುಗಿರುವುದರಿಂದ ನಡೆಯುವಾಗ ಎತ್ತಿನ ಸದ್ದು ಕಡಿಮೆ. ಸ್ಪೀಡ್‌ಪ್ಲೇ ಎಂಬುದು ಇನ್ನೊಂದು ಅವತಾರ. ಅದರಲ್ಲಿ ಸ್ಪ್ರಿಂಗು ಕ್ಲೀಟಿನಲ್ಲೇ ಇದೆ, ಪೆಡಲು ಲಾಲಿಪಾಪಿನಂಥ ಗುಂಡು.

ಬಣ್ಣ ನೋಡಿ ಕೊಳ್ಳುವವರ ಪಾಡಂತೂ ಹೇಳತೀರದು. ಕ್ಲೀಟಿನ ಬಣ್ಣವೆಂದರೆ ಸಿಕ್ಕಿಕೊಂಡ ಕಾಲು ಅತ್ತಿತ್ತ ಎಷ್ಟು ಹೊರಳಬಹುದು ಎಂಬುದರ ಗುರುತು. ಶಿಮಾನೊದಲ್ಲಿ ಹಳದಿ 6 ಡಿಗ್ರಿ, ನೀಲಿ 2 ಡಿಗ್ರಿ, ಕೆಂಪು ಸೊನ್ನೆ. ಕಿಯೋದಲ್ಲಿ ಕರಿದು ಸೊನ್ನೆ, ಬೂದಿ ಬಣ್ಣದ್ದು 4.5, ಕೆಂಪು 9! ಒಂದು ಕಂಪನಿಯ ಕೆಂಪು ಮಂಡಿಗೆ ಸೆರೆಮನೆ, ಇನ್ನೊಂದರ ಕೆಂಪು ಜಾತ್ರೆಯ ಬಯಲು. ಬಣ್ಣದ ನೂಲಿನಿಂದಲೇ ಬದುಕುವ ಊರಿನಲ್ಲಿ ಹೀಗೆ ವ್ಯಾಪಾರ ಮಾಡಿದವನಿಗೆ ಮರುದಿನ ಯಾರೂ ಉದ್ರಿ ಕೊಡಲಾರರು.

ಸವಾರನ ತಂದೆ ಇದನ್ನೆಲ್ಲ ಮೂರು ದಿನ ಸುಮ್ಮನೆ ನೋಡಿದರು. ಕೈಮಗ್ಗದ ಕಾಲದವರು. ನಾಲ್ಕನೆಯ ದಿನ ಪೆಡಲನ್ನು ಕೈಗೆತ್ತಿಕೊಂಡು ಕೇಳಿದರು: "ಹಣಿಗಿ ನಂಬರ ನೋಡಲಾರದ ನಾವು ಎಂದರ ನೂಲು ತಂದೀವೇನೋ?" ಇಳಕಲ್ ಸೀರೆಯಲ್ಲಿ ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಎಳೆಯ ಲೆಕ್ಕ ತಪ್ಪಿದರೆ ಸೆರಗು ಕೂಡದು. ಮುದುಕರ ಪ್ರಕಾರ ಮಗ ತಂದದ್ದೂ ಕೊಂಡಿಯೇ, ಲೆಕ್ಕ ಹಾಕದೆ ತಂದದ್ದು. ಚಿಮಣಿ ಎಣ್ಣೆಯ ಚಿಂದಿಯಿಂದ ಪೆಡಲಿನ ಬೆನ್ನು ತಿಕ್ಕಿದರು. ಮೂರು ಇಂಗ್ಲಿಷ್ ಅಕ್ಷರ ಎದ್ದು ಬಂದವು.

ಕಿಯೋ.

ವಸತಿ ನಿಲಯದಿಂದ ರಜೆಗೆ ಬಂದಿದ್ದ ಓಣಿಯ ಹುಡುಗನೊಬ್ಬ ದೂರದಿಂದಲೇ, "ಅಣ್ಣಾರ, ಅದು ಲುಕ್ ಐತ್ರಿ, ನಿಮ್ಮ ಬೂಟಿನಾಗಿಂದು ಶಿಮಾನೊ. ಬೂದಿ ಬಣ್ಣದ್ದು ತರಸ್ರಿ" ಎಂದ. ಮೊದಲೇ ಅವನನ್ನು ಕೇಳಿದ್ದರೆ ದುಡ್ಡು ಉಳಿಯುತ್ತಿತ್ತು. ಆದರೆ ಬಾರಾ ವರ್ಷದ ಹುಡುಗನನ್ನು ಕೇಳುವಷ್ಟು ಹೊಟ್ಟೆ ಆಗ ಇಳಿದಿರಲಿಲ್ಲ.

ಬೂದಿ ಬಣ್ಣದ್ದು ಬಂತು. ಮುಂಗಾಲಿನ ಉಬ್ಬು ಪೆಡಲಿನ ಅಚ್ಚಿಗೆ ಸರಿಯಾಗುವಂತೆ ಕೂಡಿಸಿದ, ಸಣ್ಣ ಅಲೆನ್ ಕೀಯಿಂದ ಸ್ಪ್ರಿಂಗು ಪೂರ್ತಿ ಸಡಿಲಿಸಿದ. ಒತ್ತಿದರೆ ಖಟ್! ಲಾಳಿ ಮಗ್ಗದ ಆ ಬದಿ ಮುಟ್ಟಿದ ಸದ್ದು ಅದು. ರಬಕವಿ ದಾಟಿ ತೇರದಾಳದ ದಾರಿಯಲ್ಲಿ ಗಾಳಿಯಂತೆ ಹೋಗಿಬಂದ.

ತಿರುಗಿ ಬರುವಾಗ ಎದುರಿಗೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ನಿಂತಿತ್ತು. ಇವನೂ ನಿಂತ. ಸೈಕಲ್ ನಿಂತಿತು, ಕಾಲು ಪೆಡಲಿನಲ್ಲೇ ಇತ್ತು. ಹಿಮ್ಮಡಿ ಹೊರಕ್ಕೆ ತಿರುವಬೇಕೆಂಬುದು ನೆನಪಾಗುವಷ್ಟರಲ್ಲಿ ಕಡಿದ ಬಾಳೆಯ ಹಾಗೆ ಸಾವಕಾಶ ಎಡಕ್ಕೆ ಒರಗಿದ. ಏಳು ದಿನ ಕೆಳಗಿಳಿಯದೆ ಮೈದಾನದಲ್ಲಿ ಸೈಕಲ್ ಹೊಡೆಯುವವರನ್ನು ಕಂಡ ಜನ ಈ ಸೀಮೆಯವರು. ಬಿದ್ದ ಮೇಲೂ ಸೈಕಲ್ ಬಿಡದವನನ್ನು ಕಂಡದ್ದು ಅದೇ ಮೊದಲು. ಡ್ರೈವರು ಹಾಡು ನಿಲ್ಲಿಸಿ ಇಳಿದು ಬಂದು ಬೂಟು ಹಿಡಿದು ಜಗ್ಗಿದ. ಕ್ಲೀಟು ಬಿಡಲಿಲ್ಲ, ಬೂಟಿನಿಂದ ಕಾಲು ಬಿಟ್ಟಿತು.

ಆ ಹಳದಿ ಜೋಡಿ ಈಗಲೂ ಡಬ್ಬಿಯಲ್ಲಿದೆ, ಒಂದು ದಿನವೂ ತುಳಿದದ್ದಲ್ಲ. ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಪೆಡಲ್ ಇದ್ದವರು ಬನಹಟ್ಟಿಗೆ ಬಂದು ಒಯ್ಯಬಹುದು, ದುಡ್ಡು ಬೇಡ. ಬರುವಾಗ ಪೆಡಲು ಬಿಚ್ಚಿ ತರಬೇಕು; ಎಡಗಡೆಯದು ಉಲ್ಟಾ.